ಅಪ್ಪನ ಉಂಗುರವೂ ಪ್ರೇಕ್ಷಕರ ನಗುವೂ

ಪ್ರಶ್ನೆ: ನಾನು ಮುಂಬಯಿ ಬಳಿಯ ಡೊಂಬಿವಲಿಯಲ್ಲಿರುವ ಬ್ಯಾಂಕ್ ಉದ್ಯೋಗಿ, ವಯಸ್ಸು 44. ಶಾಲೆಯ ವಾರ್ಷಿಕೋತ್ಸವ ಬಿಟ್ಟರೆ ರಂಗದ ಮೇಲೆ ನಿಂತವಳಲ್ಲ. ನಮ್ಮ ಕಡೆಯ ಕನ್ನಡಿಗರು ಸೇರಿ ಈ ಸಲ ಒಂದು ಕರಾಳ ಹಾಸ್ಯದ ನಾಟಕ ಆಡುತ್ತಿದ್ದೇವೆ. ಚಾಳಿನ, ಅಂದರೆ ಸಾಲು ಕೋಣೆಗಳ ವಠಾರದ, ಒಂದು ಕೋಣೆಯಲ್ಲಿ ಅಪ್ಪನ ಹೆಣ ಮಲಗಿಸಿದೆ. ದುಬೈಯಿಂದ ಹಿರಿಯ ಮಗ ಬರುವ ತನಕ ಕಾಯಬೇಕು. ಅಷ್ಟರೊಳಗೆ ಉಳಿದ ಮಕ್ಕಳು ಕೋಣೆಗಾಗಿ, ಅಪ್ಪನ ಬೆರಳಿನ ಉಂಗುರಕ್ಕಾಗಿ ಜಗಳವಾಡುತ್ತಾರೆ. ನನ್ನದು ಮಗಳ ಪಾತ್ರ. ‘ಅಪ್ಪನ ಕೈ ಹಿಡಿದುಕೊಂಡು ರಾತ್ರಿಯಿಡೀ ಕುಳಿತಿದ್ದೆ, ಉಂಗುರ ಬರಲಿಲ್ಲ’ ಎಂದು ನನಗೊಂದು ಮಾತಿದೆ. ಮೊದಲ ಓದಿನ ದಿನ ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಗ ತಾಲೀಮಿನಲ್ಲಿ ಒಬ್ಬರೂ ನಗುವುದಿಲ್ಲ. ನಿರ್ದೇಶಕರು ‘ಹಾಸ್ಯ ಮಾಡಬೇಡಿ’ ಎನ್ನುತ್ತಾರೆ. ಮಾಡದಿದ್ದರೆ ದೃಶ್ಯ ಸಪ್ಪೆಯಾಗುತ್ತದೆ. ನನ್ನ ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ಸಾವಿನ ಮನೆಯನ್ನು ನಗೆಗೀಡು ಮಾಡುವುದು ಸರಿಯೇ ಎಂಬ ಅಳುಕೂ ಇದೆ. ಏನು ಮಾಡಲಿ?

ಉತ್ತರ: ಓದಿನ ದಿನ ಆ ಮಾತನ್ನು ಹೇಗೆ ಹೇಳಿದಿರಿ ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಕೈಯಲ್ಲಿ ಹಾಳೆ ಇತ್ತು. ವಾಕ್ಯ ಎತ್ತ ಹೊರಳುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲ. ‘ಅಪ್ಪನ ಕೈ ಹಿಡಿದುಕೊಂಡು ರಾತ್ರಿಯಿಡೀ ಕುಳಿತಿದ್ದೆ’ ಎನ್ನುವಾಗ ನಿಮ್ಮ ದನಿ ತಾನಾಗಿಯೇ ತಗ್ಗಿರಬೇಕು. ಕೇಳುತ್ತಿದ್ದವರ ಮನಸ್ಸೂ ಅದರೊಂದಿಗೆ ಮೆತ್ತಗಾಯಿತು. ಅಷ್ಟರಲ್ಲಿ ಉಂಗುರ ಬಂತು. ಅವರು ಬೆಚ್ಚಿದರು, ಅವರ ಜತೆಯಲ್ಲೇ ನೀವೂ ಬೆಚ್ಚಿದಿರಿ. ನಗು ಹುಟ್ಟಿದ್ದು ಆ ಬೆಚ್ಚುವಿಕೆಯಲ್ಲಿ. ಈಗ ನಿಮಗೆ ಉಂಗುರ ಮೊದಲೇ ಗೊತ್ತು. ‘ಅಪ್ಪನ’ ಎಂದು ಬಾಯಿ ತೆರೆಯುವಾಗಲೇ ನಿಮ್ಮ ಕಣ್ಣಂಚಿನಲ್ಲಿ ಅದು ಹೊಳೆಯುತ್ತಿರುತ್ತದೆ. ಎದುರಿಗೆ ಕುಳಿತವರು ಅದನ್ನು ಕಂಡುಬಿಡುತ್ತಾರೆ. ಆಮೇಲೆ ಅವರಿಗೆ ನಗುವುದಕ್ಕೆ ಏನು ಉಳಿಯಿತು?

ಇನ್ನೊಂದು ಸಣ್ಣ ಸಮಾಧಾನವನ್ನು ಇಲ್ಲಿಯೇ ಹೇಳುತ್ತೇನೆ. ತಾಲೀಮಿನಲ್ಲಿ ಜತೆಯ ನಟರು ನಗುವುದು ನಿಂತರೆ ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಒಂದೇ ಮಾತನ್ನು ಇಪ್ಪತ್ತು ಭಾನುವಾರ ಕೇಳಿದವರು ಹೇಗೆ ನಗುತ್ತಾರೆ? ಅವರನ್ನು ನಗಿಸಬೇಕೆಂದು ವಾರಕ್ಕೊಂದು ಹೊಸ ಚೇಷ್ಟೆ ಸೇರಿಸುತ್ತಾ ಹೋದ ಒಳ್ಳೆಯ ನಟರು ಪ್ರಯೋಗದ ದಿನದ ಹೊತ್ತಿಗೆ ಪಾತ್ರವನ್ನೇ ಕಳೆದುಕೊಂಡದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ನಿಮ್ಮ ನಿರ್ದೇಶಕರು ಹೇಳಿದ ಮಾತು ಸರಿಯಾಗಿದೆ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಹಾಸ್ಯ ಮಾಡಬೇಡಿ ಎಂದ ಮೇಲೆ ಏನು ಮಾಡಬೇಕು ಎಂದೂ ಹೇಳಬೇಕಲ್ಲವೇ? ಭರತನ ನಾಟ್ಯಶಾಸ್ತ್ರ ಹಾಸ್ಯದಲ್ಲಿ ಎರಡು ಬಗೆಯನ್ನು ಗುರುತಿಸುತ್ತದೆ. ತಾನೇ ನಗುವುದು ಆತ್ಮಸ್ಥ, ಬೇರೆಯವರನ್ನು ನಗಿಸುವುದು ಪರಸ್ಥ. ಕರಾಳ ಹಾಸ್ಯದ ನಟಿಗೆ ಮೊದಲನೆಯದು ಪೂರ್ತಿ ನಿಷಿದ್ಧ. ಮುಖದಲ್ಲಿ ನಗು ಬರಬಾರದು ಎಂದಷ್ಟೇ ಇದರ ಅರ್ಥವಲ್ಲ. ತಾನು ಮಾಡುತ್ತಿರುವುದು ನಗೆ ತರಿಸುವ ಕೆಲಸ ಎಂಬ ಅರಿವಿನ ಎಳೆಯೂ ಆ ಹೆಣ್ಣಿನಲ್ಲಿ ಇರಬಾರದು. ಅವಳಿಗೆ ಆ ರಾತ್ರಿ ಒಂದು ತೊಂದರೆ ಇದೆ, ಅದನ್ನು ಬೆಳಗಾಗುವುದರೊಳಗೆ ಬಗೆಹರಿಸಿಕೊಳ್ಳಬೇಕು.

ಆ ತೊಂದರೆ ಯಾವುದು ಎಂದು ನೀವೇ ಗೊತ್ತುಮಾಡಿಕೊಳ್ಳಬೇಕು. ಅವಳಿಗೆ ಉಂಗುರ ಏಕೆ ಬೇಕು? ‘ಆಸೆಬುರುಕಿ’ ಎಂಬ ಉತ್ತರದಿಂದ ನಟನೆ ಹುಟ್ಟುವುದಿಲ್ಲ, ಅದು ಹೊರಗೆ ನಿಂತವರು ಕೊಡುವ ತೀರ್ಪು. ಆಸ್ಪತ್ರೆಯ ಬಿಲ್ಲು ಕಟ್ಟಿದವರು ಯಾರು? ಅದಕ್ಕೆ ಅವಳ ಬಳೆಗಳು ಅಡವಿಗೆ ಹೋಗಿವೆಯೇ? ಗಂಡನಿಗೆ ಅದು ಗೊತ್ತೇ? ಚಾಳು ಪುನರ್ನಿರ್ಮಾಣಕ್ಕೆ ಹೋದರೆ ಹೊಸ ಫ್ಲ್ಯಾಟು ಗಂಡುಮಕ್ಕಳ ಪಾಲಾಗುತ್ತದೆ, ತನಗೆ ಉಳಿಯುವುದು ಈ ಉಂಗುರ ಒಂದೇ ಎಂದು ಅವಳಿಗೆ ಅನಿಸಿದೆಯೇ? ನಾಟಕದಲ್ಲಿ ಇದರ ಸುಳಿವು ಇದ್ದರೆ ಹಿಡಿದುಕೊಳ್ಳಿ. ಇಲ್ಲದಿದ್ದರೆ ನಿರ್ದೇಶಕರ ಜತೆ ಕುಳಿತು ಕಟ್ಟಿಕೊಳ್ಳಿ, ಪ್ರೇಕ್ಷಕರಿಗೆ ಹೇಳಬೇಕಾಗಿಲ್ಲ. ಅವಳ ಕಡೆಗೂ ನ್ಯಾಯವಿದೆ ಎಂದು ನಿಮಗೆ ಮನಸಾರೆ ಅನಿಸುವ ತನಕ ಆ ಉಂಗುರವನ್ನು ಮುಟ್ಟಬೇಡಿ.

ಅನಿಸಿದ ಮೇಲೆ ದೃಶ್ಯವನ್ನು ಕೈಗಳಿಗೆ ಒಪ್ಪಿಸಿ. ತಾಲೀಮಿನಲ್ಲಿ ನಾನು ಮಾಡಿಸುವ ಒಂದು ಕ್ರಮ ಹೇಳುತ್ತೇನೆ. ಹೆಣದ ತಲೆಯ ಬಳಿ ದೀಪ ಹಚ್ಚಿಟ್ಟಿರುತ್ತದೆ. ಅದರ ಬತ್ತಿ ಕುಗ್ಗಿದೆ. ಮಗಳು ಬಂದು ಕೂರುತ್ತಾಳೆ, ಬತ್ತಿಯನ್ನು ಬೆರಳಿನಿಂದ ಮುಂದಕ್ಕೆ ತಳ್ಳುತ್ತಾಳೆ. ಇದು ಶುದ್ಧ ಭಕ್ತಿಯ ಕೆಲಸ, ಅವಸರವಿಲ್ಲದೆ ಮಾಡಬೇಕು. ಜ್ವಾಲೆ ನೆಟ್ಟಗಾಗುವುದನ್ನು ನೋಡಬೇಕು. ಈಗ ಬೆರಳಿಗೆ ಎಣ್ಣೆ ಹತ್ತಿದೆ. ಒರೆಸಿಕೊಳ್ಳಲು ಸೆರಗಿಗೆ ಕೈ ಹೋಗುತ್ತದೆ, ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಅವಳು ಬೆರಳನ್ನು ನೋಡುತ್ತಾಳೆ, ಅಪ್ಪನ ಬೆರಳನ್ನು ನೋಡುತ್ತಾಳೆ. ಅಲ್ಲಿಂದ ಮುಂದೆ ಎಲ್ಲವೂ ಕೆಲಸ: ಉಂಗುರದ ಸುತ್ತ ಎಣ್ಣೆ ಸವರುವುದು, ಗೆಣ್ಣಿನ ಚರ್ಮವನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತುವುದು, ಮೆಲ್ಲಗೆ ತಿರುಗಿಸುವುದು, ನೋವಾಯಿತೇ ಎಂದು ಅಪ್ಪನ ಮುಖ ನೋಡುವುದು. ಆ ಕೊನೆಯ ನೋಟವೇ ಇಡೀ ದೃಶ್ಯದ ಜೀವ. ಸತ್ತವರಿಗೆ ನೋವಾಗುವುದಿಲ್ಲ ಎಂದು ಮಗಳ ಬುದ್ಧಿಗೆ ಗೊತ್ತು, ಕೈಗೆ ಗೊತ್ತಿಲ್ಲ. ನೀವು ನಿಜವಾಗಿಯೂ ಮುಖ ನೋಡಿದರೆ ಸಭಾಂಗಣದಲ್ಲಿ ಒಂದು ಮೂಲೆ ನಗುತ್ತದೆ, ಇನ್ನೊಂದು ಮೂಲೆ ಗಂಟಲು ಸರಿಮಾಡಿಕೊಳ್ಳುತ್ತದೆ. ಎರಡೂ ಸರಿಯಾದ ಉತ್ತರಗಳೇ.

ನನಗೆ ಈ ಪಾಠ ಕಲಿಸಿದ್ದು ಒಂದು ನೆಗಡಿ. ಬಹಳ ವರ್ಷಗಳ ಹಿಂದೆ ಇಂಥದೇ ಒಂದು ನಾಟಕ ಮಾಡಿಸುತ್ತಿದ್ದೆ. ಮಗಳ ಪಾತ್ರ ವಹಿಸಿದವರಿಗೆ ಒಳ್ಳೆಯ ಕಂಠವಿತ್ತು. ಅಳುವನ್ನು ರಾಗವಾಗಿ ಎಳೆದು ನಡುವೆ ಥಟ್ಟನೆ ನಿಲ್ಲಿಸಿ ಲೆಕ್ಕ ಕೇಳುವ ಒಂದು ವರಸೆಯನ್ನು ನಾನೇ ಹೇಳಿಕೊಟ್ಟಿದ್ದೆ. ಮೊದಲ ಪ್ರಯೋಗದಲ್ಲಿ ಹತ್ತು ನಿಮಿಷ ಭಾರಿ ನಗು. ಆಮೇಲೆ ಜನ ಸುಸ್ತಾದರು, ಕೊನೆಯ ಅಂಕದ ಹೊತ್ತಿಗೆ ಕೆಮ್ಮು, ಕುರ್ಚಿಯ ಕಿರಕಿರಿ ಮಾತ್ರ ಕೇಳುತ್ತಿತ್ತು. ಎರಡನೆಯ ಪ್ರಯೋಗದ ದಿನ ಆಕೆಗೆ ಗಂಟಲು ಕಟ್ಟಿತ್ತು. ರಾಗ ಎಳೆಯುವ ತ್ರಾಣವಿರಲಿಲ್ಲ. ಇದ್ದಷ್ಟು ದನಿಯಲ್ಲಿ ಮಾತು ಹೇಳಿ, ಮಾಡಬೇಕಾದ ಕೆಲಸಗಳನ್ನು ಮಾಡಿದರು, ಅಷ್ಟೇ. ನಾನು ಹಿಂದಿನ ಸಾಲಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೆ. ನಗು ಮೊದಲು ಚೂರುಚೂರಾಗಿ ಬಂತು, ಆಮೇಲೆ ಅಂಕದಿಂದ ಅಂಕಕ್ಕೆ ಏರುತ್ತಾ ಹೋಯಿತು, ಕೊನೆಯಲ್ಲಿ ಇಡೀ ಸಭಾಂಗಣ ಉಸಿರು ಬಿಗಿಹಿಡಿದು ಕುಳಿತಿತ್ತು. ಅಂದಿನಿಂದ ಆ ವರಸೆಯನ್ನು ನಾನು ಯಾರಿಗೂ ಕಲಿಸಿಲ್ಲ.

ಇನ್ನು ನಮ್ಮ ಭಾಷೆಯ ಸಂಗತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದೂ ಕೊನೆಯಲ್ಲೇ ಗೊತ್ತಾಗಬೇಕು. ನಿಮ್ಮ ಮಾತನ್ನೇ ನೋಡಿ, ‘ಉಂಗುರ’ದಲ್ಲಿ ಅನುಮಾನ ಹುಟ್ಟುತ್ತದೆ, ‘ಬರಲಿಲ್ಲ’ದಲ್ಲಿ ಅದು ಖಚಿತವಾಗುತ್ತದೆ. ನಗು ಸಿಡಿಯಬೇಕಾದ್ದು ಆ ‘ಇಲ್ಲ’ದ ಮೇಲೆ. ಆದರೆ ಹವ್ಯಾಸಿ ನಟರಲ್ಲಿ ಹೆಚ್ಚಿನವರು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿಸಿಕೊಂಡು ದನಿಯನ್ನು ನುಂಗಿಬಿಡುತ್ತಾರೆ. ಮೂರನೆಯ ಸಾಲಿನ ಹಿಂದೆ ಕುಳಿತವರಿಗೆ ‘ಉಂಗುರ ಬರ...’ ಎಂದಷ್ಟೇ ಕೇಳುತ್ತದೆ. ನಗಲು ಸಿದ್ಧರಾಗಿ ಕುಳಿತವರು ಪಕ್ಕದವರನ್ನು ‘ಏನಂದಳು?’ ಎಂದು ಕೇಳುತ್ತಾರೆ. ಹಾಗಾಗಿ ಅಲ್ಪವಿರಾಮದಲ್ಲಿ ಸಣ್ಣ ಉಸಿರು ತೆಗೆದುಕೊಳ್ಳಿ, ಕೊನೆಯ ಪದಕ್ಕೆ ಒತ್ತು ಬೇಡ, ಗಾಳಿ ಇರಲಿ. ಒತ್ತು ಕೊಟ್ಟರೆ ‘ಈಗ ನಗಿ’ ಎಂದು ಹೇಳಿದ ಹಾಗಾಗುತ್ತದೆ. ಮನೆಯಲ್ಲಿ ಅಡುಗೆ ಮಾಡುತ್ತಾ ಈ ಒಂದು ವಾಕ್ಯವನ್ನು, ಕೊನೆಯ ಪದ ಮೊದಲ ಪದದಷ್ಟೇ ಸ್ಪಷ್ಟವಾಗಿ ಕೇಳುವ ಹಾಗೆ, ದಿನಕ್ಕೆ ಹತ್ತು ಸಲ ಹೇಳಿ.

ನಿಮ್ಮ ತಂಡದಲ್ಲಿ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಖಂಡಿತ ಇರುತ್ತಾರೆ. ಕನ್ನಡ ಮಾತನಾಡಬಲ್ಲರು, ಓದಲಾರರು. ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಅವರನ್ನು ನಾನು ತುಂಬ ಪ್ರೀತಿಯಿಂದ ನೋಡುತ್ತೇನೆ, ನಮ್ಮ ರಂಗಭೂಮಿ ಇಲ್ಲಿ ಉಳಿದರೆ ಅವರಿಂದಲೇ ಉಳಿಯುತ್ತದೆ. ಆದರೆ ಮರಾಠಿ, ಹಿಂದಿ ಬರವಣಿಗೆಯಲ್ಲಿ ನಮ್ಮ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ‘ಕೊಡು’ ಎಂದು ಬರೆದುಕೊಂಡದ್ದು ಓದುವಾಗ ‘ಕೋಡು’ ಆಗುತ್ತದೆ. ತಮ್ಮನ ಪಾತ್ರದವನು ಹೆಣದ ಮುಂದೆ ಸಿಟ್ಟಿನಿಂದ ‘ಉಂಗುರ ಕೋಡು’ ಎಂದರೆ ಜನ ನಗುತ್ತಾರೆ, ಆದರೆ ಅದು ನಟನನ್ನು ನೋಡಿ ನಕ್ಕ ನಗು. ಒಮ್ಮೆ ಆ ನಗು ಬಂತೆಂದರೆ ಸಾವಿನ ಮನೆ ಮಾಯವಾಗಿ ಬರೀ ರಂಗ ಉಳಿಯುತ್ತದೆ, ಮತ್ತೆ ಕಟ್ಟಲು ಕಾಲು ಗಂಟೆ ಬೇಕು. ಹ್ರಸ್ವ ಬರುವಲ್ಲೆಲ್ಲ ಅಕ್ಷರದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ ಇಡಿಸಿ, ಅವರ ಪಕ್ಕ ಕುಳಿತು ನೀವೇ ಒಂದು ಸಂಜೆ ಓದಿಸಿ. ದಾದರ್‌ನಿಂದ ಡೊಂಬಿವಲಿಗೆ ಮರಳುವ ಲೋಕಲ್‌ನಲ್ಲಿ ಈ ಕೆಲಸ ಚೆನ್ನಾಗಿ ಆಗುತ್ತದೆ. ಹಳಿ ದುರಸ್ತಿಗೆಂದು ರೈಲುಗಳನ್ನು ತಡೆಯುವ ಭಾನುವಾರದ ಮೆಗಾಬ್ಲಾಕ್ ಇದ್ದರೆ ಎರಡು ಸಲ ಓದಬಹುದು.

ಒಂದೇ ಮನೆಯವರ ಬಾಯಲ್ಲಿ ಕುಂದಾಪುರ, ಧಾರವಾಡ, ಮೈಸೂರಿನ ಕನ್ನಡ ಬೆರೆತರೆ ಏನು ಮಾಡುವುದು ಎಂದೂ ಯೋಚನೆ ಬರಬಹುದು. ಅಪ್ಪನೂ ಮಕ್ಕಳೂ ಒಂದೇ ಕಡೆಯವರಂತೆ ಕೇಳಬೇಕು. ಸೊಸೆಯಂದಿರು ಬೇರೆ ಊರಿನವರಾಗಿರಲಿ, ಅದು ಮುಂಬಯಿಯ ಮನೆಗಳಲ್ಲಿ ಸಹಜವೇ.

ನಗು ಬಂದಾಗ ಏನು ಮಾಡಬೇಕು ಎಂಬುದು ನೀವು ಕೇಳದ, ಆದರೆ ಪ್ರಯೋಗದ ದಿನ ತಪ್ಪದೆ ಎದುರಾಗುವ ಪ್ರಶ್ನೆ. ನಗು ಏರುತ್ತಿರುವಾಗ ಮುಂದಿನ ಮಾತು ಹೇಳಿದರೆ ಅದು ಮುಳುಗಿಹೋಗುತ್ತದೆ, ಪೂರ್ತಿ ನಿಲ್ಲಲಿ ಎಂದು ಕಾದರೆ ದೃಶ್ಯ ತಣ್ಣಗಾಗುತ್ತದೆ. ನಗು ಶಿಖರ ಮುಟ್ಟಿ ಇಳಿಯತೊಡಗಿದಾಗ ಮಾತು ಎತ್ತಿಕೊಳ್ಳಿ. ನಡುವಿನ ಹೊತ್ತಿನಲ್ಲಿ ಬೊಂಬೆಯಂತೆ ನಿಲ್ಲಬೇಡಿ, ಉಂಗುರದ ಕೆಲಸ ಮುಂದುವರಿಯಲಿ. ಎಲ್ಲಿ ನಗು ಬರುತ್ತದೆ ಎಂದು ನೀವು ಗುರುತು ಹಾಕಿಕೊಂಡಿರುತ್ತೀರೋ ಅಲ್ಲಿ ಬಾರದೆ ಹೋಗಬಹುದು. ಆಗ ನಗುವಿಗಾಗಿ ಕಾಯದೆ ಮುಂದೆ ಸಾಗಿ. ಮಾಟುಂಗದ ಪ್ರೇಕ್ಷಕರು ನಕ್ಕಲ್ಲಿ ಡೊಂಬಿವಲಿಯವರು ಸುಮ್ಮನಿರುತ್ತಾರೆ, ಬೇರೆಲ್ಲೋ ನಗುತ್ತಾರೆ. 1926ರಿಂದ ನಡೆದುಬಂದಿರುವ ಕನ್ನಡಿಗರ ಸಂಸ್ಥೆಯಾದ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಬರುವವರಲ್ಲಿ ನಾಟಕ ಕಂಡು ಕಂಡು ಪಳಗಿದ ಹಿರಿಯರು ಬಹಳ. ಅವರು ಮಾತಿಗಿಂತ ಮೌನಕ್ಕೆ ಬೇಗ ನಗುತ್ತಾರೆ. ಅಂಥವರ ಮುಂದೆ ಮಾತಿನ ನಡುವೆ ಮೌನಕ್ಕೆ ಜಾಗ ಕೊಡಲು ಧೈರ್ಯ ಬೇಕು, ಕೊಡಿ.

ಮೊದಲ ನಗು ಸಿಕ್ಕ ಕೂಡಲೇ ಸ್ವಂತದ ಒಂದು ಮಾತು ಸೇರಿಸುವ ಆಸೆ ಹುಟ್ಟುತ್ತದೆ. ತಡೆದುಕೊಳ್ಳಿ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಪ್ರಯೋಗಕ್ಕೆ ಮುಂಚೆ ನಾಟಕದ ಪ್ರತಿಯನ್ನು ರಾಜ್ಯದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಗೆ ಸಲ್ಲಿಸಿ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಒಪ್ಪಿಗೆ ಸಿಗುವುದು ಆ ಪ್ರತಿಯಲ್ಲಿರುವ ಮಾತುಗಳಿಗೆ. ಸಾವು, ಸಂಸ್ಕಾರ, ಜಾತಿ, ಆಸ್ತಿ ಎಲ್ಲ ಬರುವ ನಾಟಕದಲ್ಲಿ ರಂಗದ ಮೇಲೆ ಹೊಳೆದ ಒಂದು ಮಾತು ಇಡೀ ತಂಡವನ್ನು ಇಕ್ಕಟ್ಟಿಗೆ ಸಿಕ್ಕಿಸಬಹುದು. ನಿಮ್ಮ ಸಂಘದವರು ಈ ಪತ್ರಕ್ಕೆ ಈಗಾಗಲೇ ಅರ್ಜಿ ಹಾಕಿದ್ದಾರೆಯೇ ಎಂದು ಕೇಳಿ ನೋಡಿ. ಕೊನೆಯ ವಾರದ ತನಕ ಬಿಡುವ ಕೆಲಸವಲ್ಲ ಅದು.

ಈಗ ನಿಮ್ಮ ಅಳುಕಿನ ವಿಚಾರ. ಹಾಸ್ಯಕ್ಕೂ ಕರುಣಕ್ಕೂ ಆಗಿಬರುವುದಿಲ್ಲ ಎಂಬ ಅಭಿಪ್ರಾಯ ನಮ್ಮಲ್ಲಿ ಹಳೆಯದು. ವಿಶ್ವನಾಥನ ಸಾಹಿತ್ಯದರ್ಪಣ ಎಂಬ ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥ ಭಯಾನಕವನ್ನೂ ಕರುಣವನ್ನೂ ಹಾಸ್ಯದ ವಿರೋಧಿ ರಸಗಳೆಂದೇ ಹೇಳುತ್ತದೆ. ಕಂಪನಿ ನಾಟಕದವರೂ ಇವನ್ನು ಬೇರೆ ಬೇರೆ ಇಟ್ಟರು. ಅಳಿಸುವ ದೃಶ್ಯ ಮುಗಿದು ಪರದೆ ಬಿದ್ದ ಮೇಲೆ ಹಾಸ್ಯದ ಜೋಡಿ ಬಂದು ನಗಿಸಿ ಹೋಗುತ್ತಿತ್ತು. ಕರಾಳ ಹಾಸ್ಯ ಈ ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸುತ್ತದೆ, ನಿಮ್ಮ ಅಳುಕು ಹುಟ್ಟುವುದು ಅಲ್ಲಿಂದಲೇ. ಆದರೆ ನಮ್ಮ ಹೆಂಗಸರು ಶಾಸ್ತ್ರ ಕೇಳಿಕೊಂಡು ಕೂತವರಲ್ಲ. ‘ಅತ್ತೆ ಸತ್ತ ಆರು ತಿಂಗಳಿಗೆ ಸೊಸೆಯ ಕಣ್ಣಲ್ಲಿ ನೀರು ಬಂತು’ ಎಂಬ ಗಾದೆ ಯಾವ ಅಡುಗೆಮನೆಯಲ್ಲಿ ಹುಟ್ಟಿತೋ ಏನೋ, ಅದು ಒಂದೇ ಸಾಲಿನ ಕರಾಳ ಹಾಸ್ಯ. ಅದನ್ನು ಮೊದಲು ಹೇಳಿದ ಸೊಸೆಗೆ ಅತ್ತೆಯ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ನಂಬಲಾರೆ. ಆರು ತಿಂಗಳ ಮೇಲಾದರೂ ನೀರು ಬಂತಲ್ಲ!

ನೀವು ವಾಸವಾಗಿರುವ ನೆಲದಲ್ಲಿಯೂ ಇದಕ್ಕೆ ದೊಡ್ಡ ಮೇಲ್ಪಂಕ್ತಿ ಇದೆ. ಪುಣೆಯ ಥಿಯೇಟರ್ ಅಕಾಡೆಮಿ 1974ರಲ್ಲಿ ರಂಗಕ್ಕೆ ತಂದ ಸತೀಶ್ ಆಳೇಕರ್ ಅವರ ‘ಮಹಾನಿರ್ವಾಣ’ದಲ್ಲಿ ಸತ್ತ ಯಜಮಾನನೇ ಕೀರ್ತನಕಾರನಾಗಿ ತನ್ನ ಸಾವನ್ನು ಹಾಡಿ ಹೇಳುತ್ತಾನೆ. ಕೀರ್ತನವೆಂದರೆ ಮರಾಠಿಗರಿಗೆ ದೇವರ ಮುಂದಿನ ಕಲೆ. ಅದೇ ರೂಪದಲ್ಲಿ ಸಾವಿನ ಮನೆಯ ಗೋಜಲನ್ನು ತೋರಿಸಿದರೂ ಆ ನಾಟಕ ಮರಾಠಿ ರಂಗಭೂಮಿಯ ಮುಖ್ಯ ಕೃತಿಗಳ ಸಾಲಿನಲ್ಲಿ ನಿಂತಿದೆ. ಅಲ್ಲಿ ನಗುವ ವಸ್ತು ಸಾವಲ್ಲ. ಸಾವಿನ ಸುತ್ತ ಬದುಕಿರುವವರು ಪಡುವ ಪಾಡು. ನಿಮ್ಮ ನಾಟಕದಲ್ಲಿಯೂ ಅಪ್ಪನನ್ನು ಯಾರೂ ನಗೆಗೀಡು ಮಾಡುತ್ತಿಲ್ಲ. ಅವನು ಸುಮ್ಮನೆ ಮಲಗಿದ್ದಾನೆ, ಆ ಕೋಣೆಯಲ್ಲಿ ಘನತೆ ಉಳಿಸಿಕೊಂಡವನು ಅವನೊಬ್ಬನೇ.

ಅಂದ ಹಾಗೆ, ಹೆಣವಾಗಿ ಮಲಗುವವರ ಕಷ್ಟವನ್ನು ಮರೆಯಬೇಡಿ. ಅವರನ್ನು ಪ್ರೇಕ್ಷಕರಿಗೆ ಅಡ್ಡಲಾಗಿ ಮಲಗಿಸಿದರೆ ಹೊಟ್ಟೆಯ ಏರಿಳಿತ ಎದ್ದು ಕಾಣುತ್ತದೆ. ಓರೆಯಾಗಿ ಮಲಗಿಸಿ, ನೆರಿಗೆ ನೆರಿಗೆಯಾಗಿ ದಪ್ಪ ಬಟ್ಟೆ ಹೊದಿಸಿದರೆ ಅವರೂ ನೆಮ್ಮದಿಯಿಂದ ಉಸಿರಾಡಬಹುದು. ಉಂಗುರ ಮಾತ್ರ ನಿಜಕ್ಕೂ ಬಿಗಿಯಾಗಿರಬಾರದು. ಎಣ್ಣೆ ಹಚ್ಚಿ ಎಳೆದಾಡಿದ ಬೆರಳು ಊದಿಕೊಂಡರೆ ನಾಟಕ ಮುಗಿದ ಮೇಲೂ ಅದು ಬರುವುದಿಲ್ಲ. ಒಂದು ಅಳತೆ ಸಡಿಲವಾದ ಉಂಗುರ ತರಿಸಿ, ಬಿಗಿಯನ್ನು ನಿಮ್ಮ ತೋಳು ನಟಿಸಲಿ.

ನಿಮ್ಮ ತಂದೆಯವರ ಸಂಗತಿಯನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ರಂಗದ ಮೇಲೆ ಕಣ್ಣೀರು ಬರಲಿ ಎಂದು ಅವರ ಕೊನೆಯ ದಿನಗಳನ್ನು ನೆನಪಿಸಿಕೊಳ್ಳಬೇಡಿ. ಹಾಗೆ ಮಾಡುವಂತೆ ಸಲಹೆ ಕೊಡುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಎಂಟು ತಿಂಗಳ ದುಃಖ ಇನ್ನೂ ಹಸಿ. ಅದನ್ನು ಪ್ರತಿ ಭಾನುವಾರ ಕೆದಕಿದರೆ ಪಾತ್ರವೂ ಕೆಡುತ್ತದೆ, ನೀವೂ ಕುಗ್ಗುತ್ತೀರಿ. ಅದರ ಬದಲು ಎದುರಿಗಿರುವ ಕೈಯನ್ನು ನೋಡಿ. ಅದು ನಿಮ್ಮ ತಂದೆಯವರದಲ್ಲ, ನಿಮ್ಮ ಸಹನಟರದು. ಅದರ ಉಗುರು, ಗೆಣ್ಣು, ಬಿಸಿ ಎಲ್ಲ ಬೇರೆ. ಆ ಕೈಯ ಮೇಲೆ ಗಮನ ಇಟ್ಟಷ್ಟೂ ನಿಮ್ಮ ಮನೆಯ ನೆನಪು ತನ್ನ ಜಾಗದಲ್ಲಿ ತಾನು ಇರುತ್ತದೆ. ಆದರೂ ಒಂದು ದಿನ ದೃಶ್ಯದ ನಡುವೆ ತಡೆಯಲಾರದೆ ಅಳು ಬಂದರೆ ನಿಲ್ಲಿಸಿ, ಹೊರಗೆ ಹೋಗಿ ಗಾಳಿಯಲ್ಲಿ ನಿಲ್ಲಿ. ನಿರ್ದೇಶಕರಿಗೆ ಈ ವಿಷಯವನ್ನು ಈ ವಾರವೇ, ಎಲ್ಲರ ಮುಂದೆ ಬೇಡ, ಒಬ್ಬರೇ ಇದ್ದಾಗ ಹೇಳಿಡಿ. ತಿಂಗಳ ತಾಲೀಮಿನ ಮೇಲೂ ಮಾಡಲಾಗದು ಎಂದು ಒಳಗೆ ಅನಿಸಿದರೆ ಪಾತ್ರವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಪ್ರಾಂಪ್ಟಿಂಗ್‌ಗೋ ರಂಗಪರಿಕರಕ್ಕೋ ನಿಲ್ಲಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿಮ್ಮ ಪತ್ರ ಓದಿದರೆ ಅಲ್ಲಿಗೆ ಹೋಗಲಾರದು ಎಂದೇ ನನಗೆ ಅನಿಸುತ್ತದೆ.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ, ಇಷ್ಟವಾದರೆ ನಿಮ್ಮಲ್ಲಿಯೂ ಮಾಡಿ. ತಾಲೀಮು ಮುಗಿದ ಕೂಡಲೇ ಹೆಣದ ಪಾತ್ರದವರನ್ನು ಮಗಳ ಪಾತ್ರದವರೇ ಕೈ ಹಿಡಿದು ಎಬ್ಬಿಸಬೇಕು, ಬೆರಳಿನ ಎಣ್ಣೆ ಒರೆಸಬೇಕು, ಅಂದಿನ ಮೊದಲ ಲೋಟ ಚಹಾವನ್ನು ಅವರಿಗೆ ಕೊಡಬೇಕು. ಅವರು ಒಂದು ಗುಟುಕು ಕುಡಿದು ಬೆನ್ನು ನೋವೆಂದೋ ಸೊಳ್ಳೆ ಕಚ್ಚಿತೆಂದೋ ಏನಾದರೂ ಮಾತಾಡಿದ ಮೇಲೆಯೇ ಉಳಿದವರಿಗೆ ಚಹಾ.